ಓದದ ಲೇಖನಗಳ ಪಟ್ಟಿ, ಬಾರದ ನಿದ್ದೆ

ನಾನು ಆಪ್ತಸಲಹೆಗಾರ್ತಿ. ವೈದ್ಯಕೀಯ ಪಿಜಿ ವಿದ್ಯಾರ್ಥಿಗಳು ನನ್ನ ಬಳಿ ಹೆಚ್ಚಾಗಿ ಬರುವುದು ಥೀಸಿಸ್ ಸಲ್ಲಿಸುವ ತಿಂಗಳುಗಳಲ್ಲಿ. ಬಂದವರು ಥೀಸಿಸ್ ವಿಷಯವನ್ನೇ ಎತ್ತುವುದಿಲ್ಲ. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಗೈಡ್ ಫೋನ್ ಬಂದರೆ ಕೈ ನಡುಗುತ್ತದೆ ಎನ್ನುತ್ತಾರೆ. ಡ್ಯೂಟಿ ಜಾಸ್ತಿ ಎನ್ನುತ್ತಾರೆ, ಅದು ನಿಜವೂ ಹೌದು. ಆದರೆ ಎರಡು ಮೂರು ಭೇಟಿ ಕಳೆದ ಮೇಲೆ ಮಾತು ಬಂದು ನಿಲ್ಲುವುದು, ಆ ವಿಷಯದ ಮೇಲೆ ಹಿಂದೆ ಬಂದ ಸಂಶೋಧನೆಗಳನ್ನು ಓದಿ ಬರೆಯಬೇಕಾದ ‘ರಿವ್ಯೂ ಆಫ್ ಲಿಟರೇಚರ್’ ಅಧ್ಯಾಯದ ಮುಂದೆ. ಕಾರವಾರದಲ್ಲಿ ಕೂತು ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಈಗೀಗ ನಾನೇ ಮೊದಲ ಭೇಟಿಯಲ್ಲಿ ‘ರೆಫರೆನ್ಸ್ ಎಷ್ಟಾಯ್ತು?’ ಎಂದು, ಅಂದರೆ ಉಲ್ಲೇಖಿಸಿದ ಲೇಖನಗಳು ಎಷ್ಟೆಂದು, ಕೇಳಿಬಿಡುತ್ತೇನೆ.

ಮುಂದೆ ಹೇಳುವ ಪ್ರಕರಣದ ಹುಡುಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಆಕೆ ಘಟ್ಟದ ಮೇಲಿನವಳು, ಸಿದ್ದಾಪುರ ಕಡೆಯ ಅಡಿಕೆ ತೋಟದ ಮನೆ. ಓದುತ್ತಿದ್ದದ್ದು ಕಮ್ಯುನಿಟಿ ಮೆಡಿಸಿನ್, ಥೀಸಿಸ್ ವಿಷಯ ಉಣುಗಿನಿಂದ ಹರಡುವ ಮಂಗನ ಕಾಯಿಲೆ. ದರಕು (ಒಣಗಿದ ಎಲೆ), ಸೊಪ್ಪು ತರಲು ಬೆಟ್ಟಕ್ಕೆ ಹೋಗುವವರು ಉಣುಗು ಕಚ್ಚದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೋ ಇಲ್ಲವೋ, ಇಲ್ಲವಾದರೆ ಯಾಕೆ ಎಂದು ಮನೆಮನೆಗೆ ಹೋಗಿ ಕೇಳಿಕೊಂಡು ಬಂದಿದ್ದಳು. ‘ಹಚ್ಚಿದರೆ ಬೆವರಿಗೆ ಅಂಟಂಟು, ಕತ್ತಿ ಕೈಯಲ್ಲಿ ನಿಲ್ಲೋದಿಲ್ಲ’ ಎಂದ ಕೂಲಿ ಹೆಂಗಸಿನ ಮಾತನ್ನು ನನಗೆ ಯಥಾವತ್ತಾಗಿ ಒಪ್ಪಿಸಿದಳು. ಆ ಭಾಗದ ಬಗ್ಗೆ ಮಾತಾಡುವಾಗ ಅವಳಿಗೆ ಯಾವ ಅಳುಕೂ ಇರಲಿಲ್ಲ. ನಿದ್ದೆ ಕೆಡಿಸಿದ್ದು ಬೇರೆ ಅಧ್ಯಾಯ.

ಮೊದಲ ಭೇಟಿಯಲ್ಲೇ ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಬಂದಿರಲಿಲ್ಲ. ‘ಪಿಜಿ ಬಿಟ್ಟು ಮನೆಗೆ ಹೋಗಬೇಕು’ ಎಂಬುದಷ್ಟೇ ಇತ್ತು. ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಇದನ್ನು ನಾನು ಎಲ್ಲರಿಗೂ ಮಾಡಿಸುತ್ತೇನೆ.

ತಿರುವು ಬಂದದ್ದು ಆಕೆ ಥೀಸಿಸ್ ಪ್ರತಿಯನ್ನೇ ಹಿಡಿದುಕೊಂಡು ಬಂದ ದಿನ. ಅಂಚಿನಲ್ಲಿ ಗೈಡ್ ಕೆಂಪು ಪೆನ್ನಲ್ಲಿ ‘ಇನ್ನೂ ರೆಫರೆನ್ಸ್ ಬೇಕು, ಕನಿಷ್ಠ 80’ ಎಂದು ಬರೆದಿದ್ದರು. ಆಕೆ ಪಾಲಿಸಿದ್ದಳು. ಪಟ್ಟಿ 86ಕ್ಕೆ ಮುಟ್ಟಿತ್ತು. ಹಾಳೆಗಳನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೇಳಿದಳು: ‘ಮೇಡಂ, ಇದರಲ್ಲಿ ನಾನು ಓದಿದ್ದು ಹನ್ನೊಂದು.’

ಇಂಥ ಹೊತ್ತಿನಲ್ಲಿ ‘ಎಲ್ಲರೂ ಹೀಗೇ ಮಾಡೋದು ಬಿಡು’ ಎಂದುಬಿಡುವುದು ಸುಲಭ. ಅವಳ ಸೀನಿಯರ್‌ಗಳು, ರೂಮ್‌ಮೇಟ್, ಊರಲ್ಲಿ ಡಾಕ್ಟರಾಗಿರುವ ದೊಡ್ಡಪ್ಪನ ಮಗ, ಎಲ್ಲರೂ ಅದನ್ನೇ ಹೇಳಿದ್ದರು. ಅಷ್ಟು ಜನ ಹೇಳಿದ ಮೇಲೂ ನಿದ್ದೆ ಬರಲಿಲ್ಲವೆಂದರೆ ಆ ಔಷಧಿ ನಾಟುತ್ತಿಲ್ಲವೆಂದೇ ಅರ್ಥ. ನಾನು ‘ಒಂದು ವಾಕ್ಯ ಓದು’ ಎಂದೆ.

ಆಕೆ ಓದಿದ ಇಂಗ್ಲಿಷ್ ವಾಕ್ಯದ ತಾತ್ಪರ್ಯ ಇಷ್ಟು: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆ ವರ್ಷಕ್ಕೆ 400ರಿಂದ 500 ಜನರಿಗೆ ತಗಲುತ್ತದೆ. ಕೊನೆಯಲ್ಲಿ ಪೂರ್ಣವಿರಾಮದ ಪಕ್ಕ ಸಣ್ಣದಾಗಿ 3 ಎಂಬ ಅಂಕಿ. ಪಟ್ಟಿಯಲ್ಲಿ ಮೂರನೆಯದು ವರ್ಕ್ ಮತ್ತು ಟ್ರಾಪಿಡೊ ಅವರ 1957ರ ಪ್ರಾಥಮಿಕ ವರದಿ.

‘ಇದು ಓದಿದ ಹನ್ನೊಂದರಲ್ಲಿ ಸೇರಿದೆಯಾ?’

‘ಇಲ್ಲ.’

‘ಓದದೆಯೇ ಹೇಳು. ಕಾಯಿಲೆ ಪತ್ತೆಯಾದ ವರ್ಷವೇ ಬರೆದ ವರದಿಗೆ ವರ್ಷ ವರ್ಷದ ಲೆಕ್ಕ ಎಲ್ಲಿಂದ ಸಿಗಬೇಕು?’

ನಾನು ವೈದ್ಯೆಯಲ್ಲ. ಈ ಪ್ರಶ್ನೆಗೆ ವೈದ್ಯಕೀಯ ಬೇಕಾಗಿಯೂ ಇಲ್ಲ, ಎರಡು ಇಸವಿ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಆಕೆ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಆಮೇಲೆ ಫೋನ್ ತೆಗೆದು, ಆ ಮಾತು ಎತ್ತಿಕೊಂಡಿದ್ದ ರಿವ್ಯೂ ಲೇಖನವನ್ನು ಹುಡುಕಿದಳು. ಅಲ್ಲಿ ಎರಡು ವಾಕ್ಯಗಳಿದ್ದವು. ಮೊದಲನೆಯದು ಕಾಯಿಲೆ ಪತ್ತೆಯಾದ ಸಂಗತಿ, ಅದರ ಕೊನೆಗೆ 1957ರ ವರದಿಯ ಉಲ್ಲೇಖ. ಎರಡನೆಯದು ಪ್ರಕರಣಗಳ ಸಂಖ್ಯೆ, ಅದಕ್ಕೆ ಬೇರೆಯದೇ ಉಲ್ಲೇಖ. ಪ್ಲೇಜರಿಸಂ (ಕೃತಿಚೌರ್ಯ) ತಪಾಸಣೆಯಲ್ಲಿ ಹೋಲಿಕೆಯ ಶೇಕಡಾ ಇಳಿಸಬೇಕೆಂದು ಆಕೆ ಎರಡನ್ನೂ ಒಂದು ಮಾಡಿದ್ದಳು. ಬೆಸೆಯುವಾಗ ಒಂದು ಅಂಕಿ ಬಿದ್ದುಹೋಯಿತು, ಇನ್ನೊಂದು ಜಾರಿ ತನ್ನದಲ್ಲದ ಮಾತಿನ ಕೊನೆಗೆ ಹೋಗಿ ಕೂತಿತು. ತಪಾಸಣೆಯ ತಂತ್ರಾಂಶ ಮಾತ್ರ ಆ ವಾಕ್ಯ ಸರಿಯಿದೆ ಎಂದು ಹಸಿರು ಬಣ್ಣ ಕೊಟ್ಟಿತ್ತು.

ಇನ್ನಷ್ಟು ಕೆದಕಿದೆವು. ಎಐ ಚಾಟ್‌ಬಾಟ್ ಕೊಟ್ಟ ಎರಡು ರೆಫರೆನ್ಸ್ ಸಿಕ್ಕವು. ಜರ್ನಲ್ ಹೆಸರು ನಿಜ, ಲೇಖಕರ ಹೆಸರು ನಂಬುವಂಥದ್ದು, ಆದರೆ ಆ ಶೀರ್ಷಿಕೆ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಇಲ್ಲ. ಒಂದರ ಡಿಒಐ (ಲೇಖನದ ಆನ್‌ಲೈನ್ ಗುರುತುಸಂಖ್ಯೆ) ಒತ್ತಿದರೆ ಹಲ್ಲಿನ ಚಿಕಿತ್ಸೆಯ ಲೇಖನ ತೆರೆದುಕೊಂಡಿತು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಆಕೆ ಹೇಳಿದ ಮಾತಿಗಾಗಿಯೇ ನಾನು ಇದನ್ನು ಬರೆಯುತ್ತಿರುವುದು: ‘ಅಂದ್ರೆ ನನಗೆ ಭಯ ಆಗ್ತಿರೋದು ಸರಿಯಾಗೇ ಇದೆ ಅಲ್ವಾ ಮೇಡಂ?’

ಹೌದು ಎಂದೆ. ಸಿಕ್ಕಿಬೀಳುವ ಭಯ ಮತ್ತು ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲದ ಭಯ, ಎರಡೂ ಇದ್ದವು, ಎರಡಕ್ಕೂ ಕಾರಣವಿತ್ತು. ಕಾರಣವಿರುವ ಭಯಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ನನ್ನಿಂದಾಗದು. ಕಾರಣವನ್ನು ತೆಗೆಯಬೇಕು.

ಈ ಮಾತಿಗೆ ನನ್ನದೇ ವೃತ್ತಿಯ ಗೆಳತಿಯೊಬ್ಬರ ಆಕ್ಷೇಪವಿದೆ. ‘ನೀವು ಆಪ್ತಸಲಹೆಗಾರ್ತಿಯೋ, ಥೀಸಿಸ್ ಗೈಡೋ? ನಿದ್ದೆಗೆಂದು ಬಂದವಳಿಗೆ ರೆಫರೆನ್ಸ್ ತಿದ್ದಲು ಹೇಳಿದರೆ ಅವಳ ಹೊರೆ ಹೆಚ್ಚುವುದಿಲ್ಲವೇ?’ ಹೊರೆ ಹೆಚ್ಚಿತು, ನಿಜ. ನಾನು ಥೀಸಿಸ್ ತಿದ್ದಲಿಲ್ಲ, ಬರುವುದೂ ಇಲ್ಲ. ಅವಳು ಈಗಾಗಲೇ ತಿಳಿದಿದ್ದ ವಿಷಯವನ್ನು ಬಾಯಿಬಿಟ್ಟು ಹೇಳುವಷ್ಟು ಜಾಗ ಮಾಡಿಕೊಟ್ಟೆ. ‘ಇದೊಂದು ಶಾಸ್ತ್ರ, ಮುಗಿಸಿ ಎಸೆ’ ಎಂದಿದ್ದರೆ ಥೀಸಿಸ್ ಮುಗಿಯುತ್ತಿತ್ತು. ಆದರೆ ನಾಳೆ ಆಕೆ ತಾಲ್ಲೂಕಿನಲ್ಲಿ ಕೂತು ಲಸಿಕೆ, ಔಷಧಿಯ ಬಗ್ಗೆ ನಿರ್ಧರಿಸುವಾಗ ಓದದೆ ಒಪ್ಪುವ ಅಭ್ಯಾಸಕ್ಕೆ ನನ್ನ ಒಪ್ಪಿಗೆಯ ಮುದ್ರೆ ಬಿದ್ದಿರುತ್ತಿತ್ತು.

ಅವಳಿಗೆ ಅಂದು ಹೇಳಿದ ಒಂದು ಸಂಗತಿಯನ್ನು ನಿಮಗೂ ಹೇಳಬೇಕು. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೋರ್ಟರ್ ಮತ್ತು ಜಿಕ್ ಎಂಬಿಬ್ಬರ ಒಂದು ಪ್ಯಾರಾದ ಪತ್ರ ಬಂತು. ಆಸ್ಪತ್ರೆಯಲ್ಲಿದ್ದಾಗ ಅಫೀಮು ಜಾತಿಯ ನೋವುನಿವಾರಕ ಪಡೆದ 11,882 ರೋಗಿಗಳಲ್ಲಿ, ಹಿಂದೆ ಚಟದ ಇತಿಹಾಸವಿಲ್ಲದವರ ಪೈಕಿ ದಾಖಲಾದ ಚಟದ ಪ್ರಕರಣ ನಾಲ್ಕೇ ಎಂಬುದು ಅದರ ಸಾರ. ಆಸ್ಪತ್ರೆಯ ಹಾಸಿಗೆಯಲ್ಲಿ, ದಾದಿಯರ ಕಣ್ಣೆದುರು ಕೊಟ್ಟ ಔಷಧಿಯ ಮಾತು ಅದು. ಮನೆಗೆ ಬರೆದುಕೊಟ್ಟು ತಿಂಗಳುಗಟ್ಟಲೆ ನುಂಗಿಸುವುದರ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ. 2017ರಲ್ಲಿ ಅದೇ ಜರ್ನಲ್‌ನಲ್ಲಿ ಕೆನಡಾದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು: ಆ ಪತ್ರವನ್ನು 608 ಕಡೆ ಉಲ್ಲೇಖಿಸಲಾಗಿತ್ತು. ಶೇ. 72ರಷ್ಟು ಕಡೆ ಅದು ‘ಚಟ ಅಪರೂಪ’ ಎಂಬುದಕ್ಕೆ ಸಾಕ್ಷಿಯಾಗಿ ಬಂದಿತ್ತು. ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎಂಬುದನ್ನು ಶೇ. 80ಕ್ಕೂ ಹೆಚ್ಚು ಲೇಖನಗಳು ಹೇಳಿಯೇ ಇರಲಿಲ್ಲ. ಅಮೆರಿಕದಲ್ಲಿ ಈ ಔಷಧಿಗಳಿಂದ ಎಷ್ಟು ಮನೆ ಹಾಳಾದವೆಂಬುದು ಎಲ್ಲರಿಗೂ ಗೊತ್ತಿರುವ ವಿಚಾರ. ಪತ್ರ ಬರೆದವರು ಸುಳ್ಳು ಹೇಳಿರಲಿಲ್ಲ. ನೆಂಟರ ನೆಂಟರ ಹೆಸರು ಹೇಳಿ ಸಾಲ ಎತ್ತುವ ಹಾಗೆ, ಒಬ್ಬರನ್ನು ನೋಡಿ ಇನ್ನೊಬ್ಬರು ಅವರ ಹೆಸರು ಬಳಸಿದರು. ಒಂದು ಪ್ಯಾರಾ ಓದಲು ಎರಡು ನಿಮಿಷವೂ ಬೇಡ.

ಸಲಹೆಯೆಂದು ಕೊಟ್ಟದ್ದು ಹೆಚ್ಚೇನಲ್ಲ. ಮೊದಲು 86ನ್ನೂ ಮೂರು ಬಣ್ಣದಲ್ಲಿ ಗುರುತು ಮಾಡು: ಪೂರ್ತಿ ಓದಿದ್ದು, ಸಾರಾಂಶ ಮಾತ್ರ ನೋಡಿದ್ದು, ಇನ್ನೊಬ್ಬರ ಪಟ್ಟಿಯಿಂದ ಎತ್ತಿದ್ದು. ಮೂರನೆಯ ಬಣ್ಣದ್ದನ್ನು ಓದು, ಇಲ್ಲವೇ ತೆಗೆ. ಮೂಲ ಸಿಗದಿದ್ದರೆ ನೀನು ನಿಜವಾಗಿ ಓದಿದ ರಿವ್ಯೂವನ್ನೇ ಉಲ್ಲೇಖಿಸು, ಮೂಲ ಓದಿದವಳ ಹಾಗೆ ನಟಿಸಬೇಡ. ಎಷ್ಟೇ ಕಷ್ಟವಾದರೂ ಮಾಡಲೇಬೇಕು ಎಂದು ಒತ್ತಿ ಹೇಳಿದ್ದು ಎರಡನೆಯದನ್ನು: ಗೈಡ್ ಹತ್ತಿರ ನೀನೇ ಹೋಗಿ ಹೇಳು, ಅವರಿಗೆ ಬೇರೆಯವರಿಂದ ಗೊತ್ತಾಗುವ ಮೊದಲು. ಏನು ಹೇಳಬೇಕೆಂದು ಇಬ್ಬರೂ ಕೂತು ತಯಾರಿ ಮಾಡಿದೆವು. ‘ಸರ್, ನನ್ನ ರಿವ್ಯೂ ಅಧ್ಯಾಯದಲ್ಲಿ ಓದದೆ ಹಾಕಿದ ಉಲ್ಲೇಖಗಳಿವೆ. ತೆಗೆದು ಮತ್ತೆ ಬರೆಯುತ್ತೇನೆ. ಸಂಖ್ಯೆ 80 ಆಗುವುದಿಲ್ಲ.’ ಇಷ್ಟೇ. ಅಳುವುದು ಬೇಡ, ಕ್ಷಮಾಪಣೆಯ ಭಾಷಣ ಬೇಡ, ಯಾರ ಮೇಲೂ ದೂರು ಬೇಡ. ಗೈಡ್‌ಗೂ ಮೇಲಿನಿಂದ ಒತ್ತಡವಿರುತ್ತದೆ, ಎಕ್ಸಾಮಿನರ್ ಮೊದಲು ತಿರುವುವುದು ಕೊನೆಯ ಪುಟಗಳನ್ನೇ ಎಂಬ ನಂಬಿಕೆಯಿರುತ್ತದೆ.

ಇದೇ ಸ್ಥಿತಿಯಲ್ಲಿರುವ ಪಿಜಿಗಳು ಓದುತ್ತಿದ್ದರೆ ಇನ್ನೊಂದೆರಡು ಮಾತು. ಹೋಲಿಕೆಯ ಶೇಕಡಾವಾರಿಗೆ ಇಷ್ಟು ಹೆದರಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಹೇಳುವುದಿಲ್ಲ, ರೆಫರೆನ್ಸ್ ಪಟ್ಟಿಯನ್ನೂ ಮೂಲ ತೋರಿಸಿ ಉದ್ಧರಿಸಿದ್ದನ್ನೂ ಲೆಕ್ಕದಿಂದ ಹೊರಗಿಡುತ್ತದೆ. ತಂತ್ರಾಂಶ ಪದಗಳು ಒಂದೇ ಇವೆಯೇ ಎಂದಷ್ಟೇ ನೋಡುತ್ತದೆ, ಉಲ್ಲೇಖ ನಿಜವೇ ಎಂದಲ್ಲ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಶಿಫಾರಸುಗಳಲ್ಲಿ, ಸಾಧ್ಯವಾದಲ್ಲೆಲ್ಲ ಮೂಲ ಸಂಶೋಧನೆಯನ್ನೇ ಉಲ್ಲೇಖಿಸಿ, ಹಿಂತೆಗೆದುಕೊಂಡ ಲೇಖನವಲ್ಲವೆಂದು ನೋಡಿಕೊಳ್ಳಿ ಎಂದಿದೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ 1998ರ ವೇಕ್‌ಫೀಲ್ಡ್ ಲೇಖನವನ್ನು ಲ್ಯಾನ್ಸೆಟ್ ಜರ್ನಲ್ ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವಿನ ಹನ್ನೆರಡು ವರ್ಷಗಳಲ್ಲಿ ಬರೆದವರ ಪಟ್ಟಿಯಿಂದ ಎತ್ತಿದರೆ ಅದು ನಿಮ್ಮ ಪಟ್ಟಿಗೂ ಬರುತ್ತದೆ. ಪಬ್‌ಮೆಡ್ ಉಚಿತ, ಹಿಂತೆಗೆದುಕೊಂಡದ್ದಿದ್ದರೆ ಅಲ್ಲಿ ಸೂಚನೆ ಇರುತ್ತದೆ. ಹುಡುಕಿದ ದಿನ, ಬಳಸಿದ ಪದಗಳು, ಸಿಕ್ಕ ಲೇಖನಗಳ ಸಂಖ್ಯೆ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಓದಿದ ಲೇಖನ ಮುಚ್ಚಿಟ್ಟು ಅದರ ಸಾರವನ್ನು ಕನ್ನಡದಲ್ಲೋ ನಿಮ್ಮ ಮನೆಮಾತಿನಲ್ಲೋ ನಾಲ್ಕು ಸಾಲು ಬರೆಯಿರಿ, ಆಮೇಲೆ ಅದನ್ನು ಇಂಗ್ಲಿಷಿಗೆ ತನ್ನಿ. ಪ್ಯಾರಾಫ್ರೇಸ್ ಮಾಡುವ (ಅದೇ ಮಾತನ್ನು ಬೇರೆ ಪದಗಳಲ್ಲಿ ಬರೆದುಕೊಡುವ) ಆ್ಯಪ್ ಆಗ ಬೇಕಾಗುವುದಿಲ್ಲ. ವ್ಯಾಂಕೂವರ್ ಶೈಲಿಯ, ಅಂದರೆ ಉಲ್ಲೇಖಕ್ಕೆ ಕ್ರಮಸಂಖ್ಯೆ ಹಾಕುವ ಪದ್ಧತಿಯ, ಅಂಕಿಗಳನ್ನು ಝೊಟೆರೊ ಎಂಬ ರೆಫರೆನ್ಸ್ ತಂತ್ರಾಂಶ ನೋಡಿಕೊಳ್ಳಲಿ, ಕೈಯಲ್ಲಿ ಹಾಕಿದರೆ ಒಂದು ಸೇರಿಸುವಾಗ ಇಪ್ಪತ್ತು ಜಾರುತ್ತವೆ.

ಆಕೆ ಗೈಡ್ ಹತ್ತಿರ ಹೋದಳು. ಅವರು ಸಿಟ್ಟಾದರು, ಒಂದು ವಾರ ಮಾತಾಡಲಿಲ್ಲ. ಆಮೇಲೆ ಕರೆದು ‘ಬೇಗ ಮುಗಿಸು’ ಎಂದರಂತೆ. ಪಟ್ಟಿ 43ಕ್ಕೆ ಇಳಿಯಿತು. 400–500ರ ವಾಕ್ಯ ಹೋಯಿತು, ಆ ಜಾಗದಲ್ಲಿ ಜಿಲ್ಲಾ ಆರೋಗ್ಯ ಇಲಾಖೆಯಿಂದ ಕೇಳಿ ಪಡೆದ ವರ್ಷವಾರು ಸಂಖ್ಯೆಗಳ ಒಂದು ಕೋಷ್ಟಕ ಬಂತು. ನಿದ್ದೆ ಒಮ್ಮೆಲೇ ಸರಿಹೋಗಲಿಲ್ಲ. ತಿದ್ದುವ ವಾರಗಳಲ್ಲಿ ಇನ್ನೂ ಕೆಟ್ಟಿತು, ಸಲ್ಲಿಸಿದ ಮೇಲೆ ಸುಧಾರಿಸಿತು. ಪರೀಕ್ಷೆಯ ಭಯ ಈಗಲೂ ಇದೆ. ಅದಕ್ಕೆ ಬೇರೆ ಕಾರಣಗಳಿವೆ, ಪ್ರಾಕ್ಟಿಕಲ್ ಮುಗಿಯುವವರೆಗೆ ಎರಡು ವಾರಕ್ಕೊಮ್ಮೆ ಬರುತ್ತಾಳೆ.