ಫ್ರಿಜ್ಜಿನಲ್ಲಿಟ್ಟ ಹಾಲು ಯಾರದ್ದು?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಉದ್ಯೋಗಸ್ಥೆ, ಮಗುವಿಗೆ ಏಳು ತಿಂಗಳು. ಪಂಪಿನಿಂದ ತೆಗೆದ ಎದೆಹಾಲನ್ನು ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಕೆಲಸಕ್ಕೆ ಹೋಗುತ್ತೇನೆ. ಮೊನ್ನೆ ಮಾವನವರು ಅದನ್ನು ಡಿಕಾಕ್ಷನ್ನಿಗೆ ಬೆರೆಸುವುದೊಂದೇ ಬಾಕಿಯಿತ್ತು! ಕೆನೆ ಬೇರ್ಪಟ್ಟ ಹಾಲನ್ನು ಅತ್ತೆಯವರು ಕೆಟ್ಟಿದೆಯೆಂದು ಚೆಲ್ಲುತ್ತಾರೆ. ಕಚೇರಿಯಲ್ಲಂತೂ ಹಾಲು ಸರಿಯಾಗಿ ಬರುವುದೇ ಇಲ್ಲ.

ಉತ್ತರ: ಕಾಫಿಯ ನಾಡಿನಲ್ಲಿ ಹಾಲಿನ ಡಬ್ಬಿಗೆ ಹೆಸರು, ದಿನಾಂಕ ಬರೆದು ಅಂಟಿಸದಿದ್ದರೆ ಮಾವನವರನ್ನು ದೂರುವಂತಿಲ್ಲ. ಎದೆಹಾಲನ್ನು ಇಟ್ಟಾಗ ಕೊಬ್ಬಿನಂಶ ಮೇಲೆ ತೇಲುವುದು ಸಹಜ. ನಿಧಾನವಾಗಿ ಅಲುಗಿಸಿದರೆ ಬೆರೆಯುತ್ತದೆ ಎಂಬುದನ್ನು ಅತ್ತೆಯವರಿಗೆ ಕಣ್ಣಾರೆ ತೋರಿಸಿ. ಹೊಸದಾಗಿ ತೆಗೆದ ಹಾಲನ್ನು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇಡಬಹುದು. ಮಳೆಗಾಲದಲ್ಲಿ ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲನ್ನು ಪದೇಪದೇ ತೆರೆಯದಿರುವುದು ಲೇಸು. ಕೊಡುವ ಮುನ್ನ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ಒಲೆಯ ಮೇಲೆ ಕಾಯಿಸಬೇಡಿ.

ಇನ್ನು ಕಚೇರಿಯ ಸಮಸ್ಯೆ. ಹಾಲು ಇಳಿಯಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ಯಾರಾದರೂ ಬಾಗಿಲು ತಟ್ಟಿಯಾರೆಂಬ ಆತಂಕದಲ್ಲಿ ಅದು ಹಿಂಜರಿಯುತ್ತದೆ. ಮಗುವಿನ ಫೋಟೊ ನೋಡುವುದು, ಎದೆಯ ಮೇಲೆ ಬೆಚ್ಚನೆಯ ಬಟ್ಟೆಯಿಡುವುದು, ಮೃದುವಾಗಿ ನೀವುವುದು ಹಲವರಿಗೆ ಸಹಕಾರಿ. ಪಂಪಿನಲ್ಲಿ ಬಂದಷ್ಟೇ ನಿಮ್ಮಲ್ಲಿರುವ ಹಾಲು ಎಂದು ಭಾವಿಸಬೇಡಿ, ಮಗು ಪಂಪಿಗಿಂತ ಜಾಣತನದಿಂದ ಹೀರುತ್ತದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಡಿ (ಮೊದಲು ಇದ್ದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ), ಮಗುವಿಗೆ 15 ತಿಂಗಳು ತುಂಬುವವರೆಗೆ ಮಾಮೂಲಿ ವಿರಾಮದ ಜೊತೆಗೆ ದಿನಕ್ಕೆ 2 ಹಾಲೂಡಿಕೆಯ ವಿರಾಮಗಳಿಗೆ ಅವಕಾಶವಿದೆ. ಸಂಕೋಚಪಡದೆ ಲಿಖಿತವಾಗಿಯೇ ಕೇಳಿ.