ಮ್ಯೂಸಿಯಂನಲ್ಲಿ ಮುಟ್ಟಬಾರದು ಸರಿ, ಮಾತೂ ಆಡಬಾರದಾ?

ಈ ವಾರ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಕಲಾಕೃತಿಗಳ ಸಂರಕ್ಷಣೆಯ ಕೆಲಸ ಮಾಡುವ ತಜ್ಞೆ.

ಪ್ರಶ್ನೆ: ನಾನು ದಾವಣಗೆರೆ ಹತ್ತಿರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ಎನ್‌ಜಿಎಂಎಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹಿಂದೊಮ್ಮೆ ಬೇರೊಂದು ಗ್ಯಾಲರಿಗೆ ಹೋದಾಗ ಮಕ್ಕಳು ಬಾಯಿ ತೆರೆದರೆ ಸಾಕು, ಗಾರ್ಡ್ ಗದರುತ್ತಿದ್ದರು. ಈ ಸಲ ಏನು ಹೇಳಿ ಕರೆದುಕೊಂಡು ಹೋಗಲಿ ಮೇಡಂ?

ಉತ್ತರ: ಮೊದಲು ದಿನ ನೋಡಿಕೊಳ್ಳಿ. ಎನ್‌ಜಿಎಂಎಗೆ ಸೋಮವಾರ ರಜೆ. ಅಷ್ಟು ದೂರ ಬಸ್ಸು ಮಾಡಿಕೊಂಡು ಬಂದು ಪ್ಯಾಲೇಸ್ ರಸ್ತೆಯ ಗೇಟಿನ ಮುಂದೆ ನಿಲ್ಲುವ ಹಾಗಾಗಬಾರದು. ಶಾಲೆಯಿಂದ ಬರುತ್ತಿದ್ದೇವೆ ಎಂದು ಮುಂಚೆಯೇ ಫೋನ್ ಮಾಡಿ ತಿಳಿಸಿ.

ಮಾತಿನ ವಿಚಾರಕ್ಕೆ ಬರೋಣ. ಮಾತಾಡಿದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಚಿತ್ರ ಹಾಳಾಗುವುದು ಬೆಳಕಿನಿಂದ, ತೇವದಿಂದ, ಕೈಯಿಂದ, ಹುಳದಿಂದ. ಮ್ಯೂಸಿಯಂ ನಿಯಮಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ನಾಲ್ಕನ್ನು ದೂರ ಇಡೋಕೆ. ಪಿಸುಗುಟ್ಟುತ್ತಲೇ ನೋಡಬೇಕು ಅನ್ನುವುದು ಬರೀ ಬಿಗುಮಾನ. ಪಕ್ಕದವರಿಗೆ ತೊಂದರೆಯಾಗದಷ್ಟು ದನಿಯಲ್ಲಿ ಮಕ್ಕಳು ಧಾರಾಳವಾಗಿ ಮಾತಾಡಲಿ. 'ಈ ಮುಖ ಹಸಿರು ಯಾಕೆ ಸಾರ್?' ಎಂದು ಒಂದು ಮಗು ಕೇಳಿತು ಅಂದರೆ ಅಲ್ಲಿಗೆ ಬಂದದ್ದು ಸಾರ್ಥಕ ಆಯಿತು. ಆದರೆ ನಲವತ್ತು ಮಕ್ಕಳು ಒಟ್ಟಿಗೆ ಮಾತಾಡಿದರೆ ಅದು ಸಂತೆ. ಎಂಟು, ಹತ್ತು ಜನರ ಗುಂಪು ಮಾಡಿ, ಒಂದೊಂದು ಗುಂಪನ್ನು ಒಂದೊಂದು ಕೋಣೆಗೆ ಬಿಡಿ.

ನನಗೆ ನಿಜವಾಗಿ ಭಯ ಇರುವುದು ಬೆರಳಿನದು. ಮಕ್ಕಳು ಚಿತ್ರದಲ್ಲಿ ಏನನ್ನೋ ತೋರಿಸೋಕೆ ಹೋಗುತ್ತಾರೆ. ಕೈಯಲ್ಲಿ ಪೆನ್ನು ಇರುತ್ತದೆ. ಹಿಂದಿನಿಂದ ಒಬ್ಬ ತಳ್ಳುತ್ತಾನೆ. ಮುಗಿಯಿತು. ಕ್ಯಾನ್ವಾಸಿನ ಮೇಲೆ ಬಿದ್ದ ಬಾಲ್‌ಪೆನ್ ಗೆರೆ ತೆಗೆಯುವುದು ತುಂಬಾ ಕಷ್ಟ, ಕಾಗದದ ಮೇಲಾದರೆ ಹೆಚ್ಚು ಸಲ ಆಗುವುದೇ ಇಲ್ಲ. ಹಾಗಾಗಿ ಎಲ್ಲರಿಗೂ ಪೆನ್ಸಿಲ್ ಕೊಡಿ. ನೋಡಿ ಸ್ಕೆಚ್ ಮಾಡಬಹುದೇ ಎಂದು ಬಾಗಿಲಲ್ಲೇ ಕೇಳಿಕೊಳ್ಳಿ. ಚಿತ್ರದಿಂದ ಒಂದು ತೋಳು ದೂರ ನಿಂತು ತೋರಿಸುವುದನ್ನು ಶಾಲೆಯಲ್ಲೇ ಅಭ್ಯಾಸ ಮಾಡಿಸಿ.

ಬೆನ್ನಿನ ಬ್ಯಾಗ್ ಹೊರಗಿನ ಕೌಂಟರಿನಲ್ಲಿ ಇರಲಿ. ಕಳ್ಳತನದ ಅನುಮಾನ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಬ್ಯಾಗ್ ಹಾಕಿಕೊಂಡವರಿಗೆ ತಮ್ಮ ಬೆನ್ನು ಎಷ್ಟು ದೂರಕ್ಕಿದೆ ಎಂದು ಗೊತ್ತಾಗುವುದಿಲ್ಲ. ತಟ್ಟನೆ ತಿರುಗಿದಾಗ ಬ್ಯಾಗಿನ ಮೂಲೆ ಫ್ರೇಮಿಗೆ ಬಡಿಯುತ್ತದೆ. ಫೋಟೊಗೋಸ್ಕರ ಹಿಂದೆ ಹಿಂದೆ ಹೆಜ್ಜೆ ಇಡುವವರದ್ದೂ ಇದೇ ಕಥೆ, ಹಿಂದೆ ಪೀಠದ ಮೇಲೆ ಶಿಲ್ಪ ಇರುವುದು ಅವರಿಗೆ ಕಾಣುವುದಿಲ್ಲ. ನೀರಿನ ಬಾಟಲಿ, ಒದ್ದೆ ಕೊಡೆ ಒಳಗೆ ಬೇಡ. ಚಕ್ಕುಲಿ, ಬಿಸ್ಕತ್ತು ಮೊದಲೇ ಬೇಡ. ಚೂರು ಬಿದ್ದರೆ ಇರುವೆ, ಜಿರಳೆ, ಸಿಲ್ವರ್ ಫಿಶ್ ಹುಳ ಬರುತ್ತವೆ. ಸಿಲ್ವರ್ ಫಿಶ್‌ಗೆ ಕಾಗದ, ಅಂಟು ಅಂದರೆ ಪ್ರಾಣ.

ಪ್ರಶ್ನೆ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿದ್ದೆ. ಕತ್ತಲಲ್ಲಿ ಇಟ್ಟಿದ್ದರು. ಹಳೆಯ ಚಿತ್ರಗಳನ್ನು ಮಂದ ಬೆಳಕಿನಲ್ಲಿ ಇಡುವುದು ಯಾಕೆ? ಒಂದೇ ಒಂದು ಫ್ಲಾಶ್ ಹೊಡೆದರೆ ಏನಾಗುತ್ತದೆ?

ಉತ್ತರ: ಆ ಚಿತ್ರ ಎಸ್.ಎಲ್. ಹಲ್ದಣ್ಕರ್ ಅವರದ್ದು, 1940ರ ದಶಕದ್ದು. ರವಿವರ್ಮನದ್ದು ಎಂದು ಇವತ್ತಿಗೂ ಬಹಳ ಜನ ಹೇಳುತ್ತಾರೆ. ದೀಪದ ಬೆಳಕು ಮುಖದ ಮೇಲೆ, ಬೆರಳ ಸಂದಿಯಲ್ಲಿ ಕಾಣಲಿ ಎಂದೇ ಅಲ್ಲಿ ಕತ್ತಲು ಮಾಡಿ ತೋರಿಸುತ್ತಾರೆ. ಆದರೆ ಆ ಕತ್ತಲಿಂದ ಚಿತ್ರಕ್ಕೂ ಲಾಭ ಇದೆ. ಅದು ಜಲವರ್ಣ. ಕಾಗದದ ಮೇಲಿನ ತೆಳು ಬಣ್ಣಗಳಲ್ಲಿ ಎಷ್ಟೋ ಬೆಳಕಿಗೆ ಬೇಗ ಮಾಸುತ್ತವೆ. ಇಂಥ ಕೃತಿಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 50 ಲಕ್ಸ್ (ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ). ತೈಲವರ್ಣಕ್ಕೆ ಸುಮಾರು 200. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಹೊರಗಿಂದ ಬಂದ ಕೂಡಲೇ ಏನೂ ಕಾಣದಿರುವುದು ಅದಕ್ಕೇ. ಐದು ನಿಮಿಷ ಕೊಡಿ, ಕಣ್ಣು ಹೊಂದಿಕೊಳ್ಳುತ್ತದೆ.

ಫ್ಲಾಶ್ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಮ್ಮ ಫೋನಿನ ಒಂದು ಮಿಂಚಿಗೆ ಚಿತ್ರ ಕಣ್ಣೆದುರೇ ಬಿಳಚಿಕೊಳ್ಳುವುದಿಲ್ಲ. ಆದರೆ ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತದೆ, ವಾಪಸ್ ಬರುವುದಿಲ್ಲ. 'ನಂದು ಒಂದೇ' ಅನ್ನುವವರು ದಿನಾ ಸಾಲುಗಟ್ಟಿ ಬರುತ್ತಾರಲ್ಲ! ಜತೆಗೆ ಗಾಜಿನ ಮೇಲೆ ಫ್ಲಾಶ್ ಹೊಡೆದರೆ ನಿಮ್ಮ ಫೋಟೊದಲ್ಲಿ ಬರುವುದು ಒಂದು ಬಿಳಿ ಚುಕ್ಕೆ, ಪಕ್ಕದವರ ಕಣ್ಣಿಗೂ ಹಿಂಸೆ. ಫ್ಲಾಶ್ ಆರಿಸಿದರೂ ಕೆಲವೆಡೆ ಫೋಟೊ ಬೇಡ ಅನ್ನುತ್ತಾರೆ. ಬೇರೆಯವರಿಂದ ಎರವಲು ತಂದ ಕೃತಿಗಳಿದ್ದಾಗ ಹೀಗಾಗುತ್ತದೆ. ಇನ್ನು ಕಾಪಿರೈಟ್. ನಮ್ಮ ಕಾನೂನಿನಲ್ಲಿ ಅದು ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅಲ್ಲಿ ಆ ತೊಡಕಿಲ್ಲ. ಈಗಿನ ಕಲಾವಿದರ ಚಿತ್ರವನ್ನು ಕ್ಯಾಲೆಂಡರಿಗೋ ಟೀ ಶರ್ಟಿಗೋ ಹಾಕುವ ಮೊದಲು ಒಪ್ಪಿಗೆ ಬೇಕೇ ಬೇಕು.

ಪ್ರಶ್ನೆ: ದೇವಸ್ಥಾನದಲ್ಲಿ ನಂದಿಯನ್ನು ಮುಟ್ಟಿ ನಮಸ್ಕಾರ ಮಾಡುತ್ತೇವೆ. ಮ್ಯೂಸಿಯಂನಲ್ಲಿ ಅದೇ ಕಲ್ಲಿನ ವಿಗ್ರಹ ಮುಟ್ಟಿದರೆ ಬೈಸಿಕೊಳ್ಳಬೇಕು. ಕಲ್ಲಿಗೆ ಏನಾಗುತ್ತದೆ?

ಉತ್ತರ: ಉತ್ತರ ಆ ನಂದಿಯ ಮೈಮೇಲೇ ಇದೆ. ಎಲ್ಲರೂ ಕೈಯಿಡುವ ಜಾಗ ನೋಡಿ, ಕಪ್ಪಗೆ ಜಿಡ್ಡುಗಟ್ಟಿ ಹೊಳೆಯುತ್ತಿರುತ್ತದೆ. ಉಳಿ ಕೊಟ್ಟ ಸಣ್ಣ ಗೆರೆಗಳು ಸವೆದಿರುತ್ತವೆ. ದೇವಸ್ಥಾನದಲ್ಲಿ ಅದು ಪೂಜೆಯ ಗುರುತು, ನನಗೆ ಅದರ ಮೇಲೆ ತಕರಾರಿಲ್ಲ. ಮ್ಯೂಸಿಯಂಗೆ ಬಂದ ವಿಗ್ರಹದ ಕೆಲಸ ಬೇರೆ. ಶಿಲ್ಪಿಯ ಉಳಿ ಹೇಗೆ ಓಡಿತು ಎಂದು ಮುಂದಿನವರಿಗೂ ತೋರಿಸಬೇಕು.

ಕಲ್ಲಾದರೂ ಸ್ವಲ್ಪ ತಡೆಯುತ್ತದೆ. ಕಂಚಿಗೆ ಬೆವರಿನ ಉಪ್ಪು ಹತ್ತಿದರೆ ಬೆರಳಚ್ಚು ಲೋಹದಲ್ಲೇ ಕೊರೆದ ಹಾಗೆ ನಿಂತುಬಿಡುತ್ತದೆ. ಎಲ್ಲಕ್ಕಿಂತ ಪಾಪದ್ದು ಪ್ಲಾಸ್ಟರ್. ಕಲಾವಿದ ಕೆ. ವೆಂಕಟಪ್ಪನವರ ಹೆಸರು ಕೇಳಿದವರಿಗೆಲ್ಲ ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳು ನೆನಪಾಗುತ್ತವೆ, ಆದರೆ ಅವರು ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದ್ದಾರೆ. ಪ್ಲಾಸ್ಟರಿನ ಮೈತುಂಬ ಕಣ್ಣಿಗೆ ಕಾಣದ ಸಣ್ಣ ತೂತುಗಳು. ಕೈಯ ಎಣ್ಣೆ ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಒರೆಸೋಕೆ ಹೋದರೆ ಕಲೆ ಇನ್ನೂ ಹರಡುತ್ತದೆ. ಕೈ ತೊಳೆದುಕೊಂಡೇ ಮುಟ್ಟುತ್ತೇನೆ ಅಂತೀರಾ? ಅದಾಗಿ ಸ್ವಲ್ಪ ಹೊತ್ತಿಗೆ ಚರ್ಮ ಮತ್ತೆ ಬೆವರುತ್ತದೆ, ಜಿಡ್ಡಾಗುತ್ತದೆ.

ಪ್ರಶ್ನೆ: ನನ್ನ ಆರು ವರ್ಷದ ಮಗ ತುಂಬಾ ತುಂಟ. ಏನಾದರೂ ಬೀಳಿಸಿಬಿಟ್ಟರೆ ದುಡ್ಡು ಕಟ್ಟಬೇಕಾ? ಆ ಭಯಕ್ಕೇ ಅವನನ್ನು ಕರೆದುಕೊಂಡು ಹೋಗಿಲ್ಲ.

ಉತ್ತರ: ಕರೆದುಕೊಂಡು ಹೋಗಿ. ಒಂದು ಗಂಟೆ ಸಾಕು, ಮೂರು ನಾಲ್ಕು ಚಿತ್ರ ಸಾಕು. ಎಲ್ಲ ಕೋಣೆ ಮುಗಿಸಲೇಬೇಕು ಅನ್ನುವ ಹಟದಿಂದಲೇ ಮಕ್ಕಳು ಓಡೋಕೆ ಶುರು ಮಾಡುವುದು.

2015ರಲ್ಲಿ ತೈವಾನಿನ ತೈಪೆಯಲ್ಲಿ 12 ವರ್ಷದ ಹುಡುಗನೊಬ್ಬ ಪ್ರದರ್ಶನದಲ್ಲಿ ಎಡವಿ, ಬೀಳದಿರೋಕೆ ಕೈ ಊರಿದ್ದು ನೇರ ಒಂದು ಹಳೆಯ ಇಟಲಿಯ ಹೂವಿನ ಚಿತ್ರದ ಮೇಲೆ. ಕ್ಯಾನ್ವಾಸ್ ತೂತಾಯಿತು. ಇನ್ನೊಂದು ಕೈಯಲ್ಲಿ ಕುಡಿಯುವ ಡ್ರಿಂಕ್ ಬೇರೆ ಇತ್ತು. ಚಿತ್ರಕ್ಕೆ ವಿಮೆ ಇತ್ತು, ಹುಡುಗನ ಮನೆಯವರಿಂದ ಹಣ ಕೇಳುವುದಿಲ್ಲ ಎಂದು ಆಯೋಜಕರೇ ಹೇಳಿದರು. ಎಲ್ಲ ಕಡೆಯೂ ಹೀಗೇ ಬಿಡುತ್ತಾರೆ ಎಂದು ಮಾತ್ರ ತಿಳಿಯಬೇಡಿ, ಬೇಕಂತಲೇ ಮಾಡಿದರಂತೂ ಪೊಲೀಸ್ ಕೇಸು.

ಅಕಸ್ಮಾತ್ ಏನಾದರೂ ಆದರೆ ಕೂಡಲೇ ಗಾರ್ಡನ್ನು ಕರೆಯಿರಿ. ಸೆರಗಿಂದ, ಕರ್ಚೀಫಿಂದ ಒರೆಸಬೇಡಿ. ಬಿದ್ದದ್ದನ್ನು ಎತ್ತಿ ಜೋಡಿಸಬೇಡಿ. ಮಗನನ್ನು ಅಲ್ಲಿಂದ ಎರಡು ಹೆಜ್ಜೆ ಹಿಂದೆ ಕರೆದುಕೊಳ್ಳಿ, ಬೇರೆಯವರು ಆ ಜಾಗ ತುಳಿಯದಂತೆ ನೋಡಿಕೊಳ್ಳಿ. ಉಗುರಿನಷ್ಟು ಬಣ್ಣದ ಚೂರು ನೆಲದ ಮೇಲಿದ್ದರೂ ನಾವು ಅದನ್ನು ಹುಡುಕಿ ಮತ್ತೆ ಅದರ ಜಾಗಕ್ಕೇ ಕೂರಿಸುತ್ತೇವೆ. ಕಸ ಗುಡಿಸುವವರು ಬರುವ ಮೊದಲು ನಮಗೆ ಸುದ್ದಿ ಸಿಗಬೇಕು, ಅಷ್ಟೇ.