ಕೋಡ್ ಬಾರದವರಿಗೂ ಕೆಲಸ ಉಂಟು, ಮಾಷ್ಟ್ರೇ

ಕುಂಬಳೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸ್ತೇನೆ, ಕೋಡ್ ಒಂದಕ್ಷರ ಬಾರದು, ಪತ್ರ, ಲೆಕ್ಕಪಟ್ಟಿ ಮಾಡುವ ಮುಕ್ತ ತಂತ್ರಾಂಶ ಲಿಬ್ರೆಆಫೀಸಿಗೆ ನಾನೇನು ಮಾಡಬಹುದು ಅಂತ ಕೇಳಿದ್ದೀರಿ. ನಾನೂ ಕೋಡ್ ಬಾರದವನೇ.

ಅದರ ಮೆನು, ಸಂದೇಶಗಳನ್ನು ಕನ್ನಡಕ್ಕೆ ಅನುವಾದ ಮಾಡಿ ಅಂತ ಎಲ್ಲರೂ ಹೇಳ್ತಾರೆ. ಸರಿಯೇ, ಅನುವಾದದ ತಾಣ ವೆಬ್‌ಲೇಟ್‌ನಲ್ಲಿ ಖಾತೆ ತೆರೆದರೆ ಬ್ರೌಸರಿನಲ್ಲೇ ಆಗುವ ಕೆಲಸ. ಆದರೆ ಈಗಾಗಲೇ ಬಳಸಿರುವ ಪದಗಳನ್ನು ಮೊದಲು ನೋಡಿ. ಒಂದು ಮೆನುವಿನಲ್ಲಿ ‘ಕಡತ’, ಇನ್ನೊಂದರಲ್ಲಿ ‘ಫೈಲು’ ಆದರೆ ಮಕ್ಕಳು ಕಂಗಾಲು.

ನನ್ನ ಕೇಳಿದರೆ ನಿಮ್ಮ ದೊಡ್ಡ ಆಸ್ತಿ ಶಾಲೆಯ ಲ್ಯಾಬ್. ಕೇರಳದ ಶಾಲೆಗಳಲ್ಲಿ ಓಡುವುದು ಉಬುಂಟು (ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಮುಕ್ತ ತಂತ್ರಾಂಶ) ಆಧಾರಿತ ವ್ಯವಸ್ಥೆ ತಾನೇ? ಒಂದೇ ಪುಟದಲ್ಲಿ ಕನ್ನಡ, ಮಲಯಾಳ ಎರಡನ್ನೂ ಟೈಪ್ ಮಾಡುವವರು ಬೇರೆಲ್ಲಿ ಸಿಗ್ತಾರೆ ಮಾರಾಯ್ರೆ! ಒತ್ತಕ್ಷರ ಜಾರಿತೋ, ಪಿಡಿಎಫ್‌ನಿಂದ ನಕಲು ಮಾಡಿದಾಗ ಅಕ್ಷರ ಕಲಸುಮೇಲೋಗರ ಆಯಿತೋ, ಲಿಬ್ರೆಆಫೀಸಿನ ದೋಷಗಳನ್ನು ದಾಖಲಿಸುವ ತಾಣ ಬಗ್‌ಜಿಲ್ಲಾದಲ್ಲಿ ವರದಿ ಹಾಕಿ. ಆವೃತ್ತಿ ಸಂಖ್ಯೆ, ಫಾಂಟಿನ ಹೆಸರು, ಏನೇನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಜೊತೆಗೊಂದು ಸಣ್ಣ ಮಾದರಿ ಕಡತ. ಬರೀ “ಕನ್ನಡ ಸರಿ ಬರ್ತಿಲ್ಲ” ಅಂದರೆ ಕನ್ನಡ ಓದಲು ಬಾರದ ಡೆವಲಪರಿಗೆ ಏನು ತಿಳಿದೀತು? ಸರಿಯಾದ ರೂಪದ ಚಿತ್ರವನ್ನೂ ಇಡಿ.

ಮಕ್ಕಳ ಹೆಸರಿರುವ ಅಂಕಪಟ್ಟಿಯನ್ನು ಮಾತ್ರ ಮಾದರಿ ಅಂತ ಹಾಕಬೇಡಿ, ಅಲ್ಲಿ ಹಾಕಿದ್ದು ಊರಿಗೆಲ್ಲ ಕಾಣುತ್ತದೆ.